ಆಸ್ಪತ್ರೆ ಕಂಪ್ಯೂಟರ್‌ನಲ್ಲಿ ಟ್ರಾನ್ಸ್‌ಜೆಂಡರ್ ರೋಗಿಗಳಿಗಾಗಿ ‘ಗಂಡು, ಹೆಣ್ಣು’ ಜೊತೆ ‘ಇತರೆ’ ಅಂತ ಸೇರಿಸಿದರೆ ಸಾಲದೇ?

ಸಾಲದು. ‘ಇತರೆ’ಯಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹುಟ್ಟಿದಾಗ ದಾಖಲಾದ ಲಿಂಗಕ್ಕೆ ಒಂದು ಕಾಲಂ, ಈಗ ತಾವು ಏನೆಂದು ಗುರುತಿಸಿಕೊಳ್ಳುತ್ತಾರೋ ಅದಕ್ಕೆ ಇನ್ನೊಂದು, ಜೊತೆಗೆ ಯಾವ ಅಂಗಗಳಿವೆ ಎಂಬ ಪಟ್ಟಿ ಬೇಕು. ಟ್ರಾನ್ಸ್ ಪುರುಷರೊಬ್ಬರನ್ನು (ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಈಗ ಗಂಡೆಂದು ಗುರುತಿಸಿಕೊಳ್ಳುವವರು) ‘ಗಂಡು’ ಅಂತಷ್ಟೇ ಬರೆದುಕೊಂಡರೆ, ಗರ್ಭಕಂಠ ಇದ್ದರೂ ಅಲ್ಲಿನ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆಯ ರಿಮೈಂಡರ್ ಬರದೇ ಹೋಗಬಹುದು. ‘ಹೆಣ್ಣು’ ಅಂತ ಬರೆದರೆ ಬೇರೆ ತೊಡಕು: ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ತೆಗೆದುಕೊಳ್ಳುವವರಿಗೆ ಹಿಮೋಗ್ಲೋಬಿನ್ ಏರುತ್ತದೆ, ಅದನ್ನು ಹೆಂಗಸರ ಮಿತಿಗೆ ಹೋಲಿಸಿದರೆ ರಿಪೋರ್ಟ್ ನೋಡಿ ಸುಮ್ಮನೆ ಗಾಬರಿ.

ಕರೆಯುವ ಹೆಸರಿಗೂ ಜಾಗ ಬೇಕು. ಮೈಸೂರಿನ ಯಾವ ಒಪಿಡಿಯಲ್ಲೇ ಆಗಲಿ, ಸೀರೆಯುಟ್ಟು ಕೂತವರನ್ನು ಆಧಾರ್‌ನಲ್ಲಿರುವ ಗಂಡು ಹೆಸರು ಹಿಡಿದು ಕೂಗಿದರೆ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಮುಂದಿನ ಸಲ ಅವರು ಯಾಕೆ ಬರುತ್ತಾರೆ, ಹೇಳಿ?

ತಮ್ಮ ಲಿಂಗ ಯಾವುದೆಂದು ತಾವೇ ಹೇಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲೇ ಎತ್ತಿಹಿಡಿದಿದೆ. ಯಾರತ್ತ ಆಕರ್ಷಣೆ ಎಂಬ ಲೈಂಗಿಕ ಒಲವಿನ ಪ್ರಶ್ನೆ ಮಾತ್ರ ಕೌಂಟರಿನಲ್ಲಿ ಬೇಡ. ಡಾಕ್ಟರ ಕೋಣೆಯಲ್ಲಿ, ಅದೂ ಅಗತ್ಯವಿದ್ದಾಗ ಕೇಳಲಿ. ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆಯೂ ಇರಲಿ. ಬಿಲ್ಲಿಂಗ್‌ನವರ ಪರದೆಯಲ್ಲಿ ಈ ಒಲವಿನ ಕಾಲಂ ಕಾಣಲೇಬಾರದು.