ಅನಮೋಡವೋ, ಕಾರವಾರವೋ? ಮಡಗಾಂವಿಗೆ ಬರುವವರಿಗೆ ಒಂದು ಉತ್ತರ

ಜೂನ್‌ನಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಯಲ್ಲಾಪುರದಿಂದ ಗೋವಾದ ಮಡಗಾಂವಿಗೆ ಬರುತ್ತಿದ್ದೇನೆ, ಹತ್ತಿರದ ವೆರ್ಣಾದಲ್ಲಿ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀರಿ. ಊರಿಗೆ ಓಡಾಡಲು ಅನಮೋಡ ಘಾಟಿಯ ಚೆಂದದ ದಾರಿ ಒಳ್ಳೆಯದೋ, ಕಾರವಾರದ ಗಡಿ ದಾಟುವ ಬೇಗದ ದಾರಿಯೋ ಎಂದು ಕೇಳಿದ್ದೀರಿ. ಜೊತೆಗೆ, ಗೋವಾದಲ್ಲಿ ಬದುಕು ಹೇಗೆ ಅಂತಲೂ. ನಾನು ಮಡಗಾಂವಿನ ಫತೋರ್ಡಾದಲ್ಲಿ ಮನೆ ಮಾಡಿ ಹದಿನೇಳು ವರ್ಷವಾಯಿತು. ಎರಡೂ ದಾರಿಯಲ್ಲಿ ಸಾಕಷ್ಟು ಟೈರ್ ಸವೆಸಿದ್ದೇನೆ.

ಕಿಲೋಮೀಟರ್ ಲೆಕ್ಕದಲ್ಲಿ ಎರಡಕ್ಕೂ ಅಂಥ ದೊಡ್ಡ ಅಂತರವಿಲ್ಲ. ಅದಕ್ಕೇ ಎಲ್ಲರಿಗೂ ಆಸೆ ಹುಟ್ಟುವುದು. ಹೇಗೂ ಅಷ್ಟೇ ದೂರ, ಕಾಡು ನೋಡಿಕೊಂಡು ಹೋಗೋಣ ಅಂತ. ನನಗೂ ಹಾಗೇ ಆಗಿತ್ತು.

ಅನಮೋಡದ ದಾರಿ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮೊಲೆಂ ದಾಟಿದ ಮೇಲೆ ಮನೆಗಳು ಮುಗಿಯುತ್ತವೆ, ಭಗವಾನ್ ಮಹಾವೀರ ಅಭಯಾರಣ್ಯ ಶುರುವಾಗುತ್ತದೆ. ಕಾರಿನ ಕಿಟಕಿ ಇಳಿಸಿದರೆ ಒದ್ದೆ ಎಲೆಯ ವಾಸನೆ. ಘಾಟಿಯ ಮಧ್ಯೆ ದೂಧಸಾಗರದ ಗುಡಿ ಇದೆ. ಅಲ್ಲಿ ಲಾರಿಯವರು ನಿಲ್ಲಿಸಿ ಕೈ ಮುಗಿದೇ ಮುಂದೆ ಹೋಗುತ್ತಾರೆ. (ಜಲಪಾತವನ್ನೇ ನೋಡಬೇಕೆಂದರೆ ರಸ್ತೆ ಬೇಡ, ಕ್ಯಾಸಲ್‌ರಾಕ್ ಕಡೆಯ ರೈಲು ಹತ್ತಿ. ಬೋಗಿಯ ಪಕ್ಕದಲ್ಲೇ 310 ಮೀಟರ್ ನೀರು ಬೀಳುತ್ತದೆ.) ಮೇಲೆ ಹತ್ತಿದ ಮೇಲೆ ರಾಮನಗರ. ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿದವರಿಗೆ ಕಟ್ಟಿಕೊಟ್ಟ ಊರು ಅದು. ಆಮೇಲೆ ಗಣೇಶಗುಡಿ, ದಾಂಡೇಲಿ. ಅಲ್ಲಿಂದ ಮುಂದಿನದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ತೊಂದರೆ ಏನೆಂದರೆ, ಈ ದಾರಿಯಲ್ಲಿ ನಿಮ್ಮ ಸಮಯ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮುಂದಿನ ಲಾರಿಯ ಕೈಯಲ್ಲಿರುತ್ತದೆ. ನಾನು ಬಂದ ನಾಲ್ಕನೇ ವರ್ಷ, ಚೌತಿ ಮುಗಿಸಿ ವಾಪಸು ಬರುತ್ತಿದ್ದೆವು. ರಾತ್ರಿ ಎಂಟೂವರೆ. ಇಳಿಜಾರಿನ ಒಂದು ತಿರುವಿನಲ್ಲಿ ಲಾರಿಯ ಆಕ್ಸಲ್ ಮುರಿದು ಅಡ್ಡ ನಿಂತಿತ್ತು. ಮಳೆ, ಮಂಜು, ಮೊಬೈಲ್‌ಗೆ ಒಂದು ಗೆರೆ ಸಿಗ್ನಲ್ ಇಲ್ಲ. ಹಿಂದೆ ಹೋಗಲು ಜಾಗವೂ ಇಲ್ಲ. ಮುಂದೆ ಬೆಳಗಾವಿ ಕಡೆಯ ತರಕಾರಿ ಗಾಡಿ. ಅದರ ಡ್ರೈವರ್ ಇಳಿದು ಬಂದು ನಾಲ್ಕು ಸೌತೆಕಾಯಿ ಕೊಟ್ಟ. ನಾವು ಚಕ್ಕುಲಿ ಡಬ್ಬಿ ಬಿಚ್ಚಿದೆವು. ಅವನು ಒಂದೊಂದೇ ಸುತ್ತು ಮುರಿದು ತಿನ್ನುತ್ತಾ, ಇದಕ್ಕೆ ಎಳ್ಳು ಜಾಸ್ತಿ ಆಯ್ತು ಅಂದ. ನನ್ನ ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ. ರಸ್ತೆ ಬಿಟ್ಟಾಗ ರಾತ್ರಿ ಎರಡು ಗಂಟೆ. ನೀವು ಹೇಳಿದ ಸೀನರಿ ಎಲ್ಲಿ ಅಂತ ಅವಳು ಕೇಳಿದಳು. ನಾನು ಸುಮ್ನೆ ವೈಪರ್ ನೋಡಿಕೊಂಡು ಕೂತೆ.

ಮಳೆಗಾಲದಲ್ಲಂತೂ ಆ ಕಡೆ ಮುಖ ಹಾಕಬೇಡಿ. 2025ರ ಜುಲೈನಲ್ಲಿ ಗೋವಾ ಬದಿಯಲ್ಲಿ ರಸ್ತೆಯ ಅಂಚೇ ಕುಸಿದು ದೊಡ್ಡ ಗಾಡಿಗಳನ್ನು ನಿಲ್ಲಿಸಿದ್ದರು.

ಇನ್ನು ಕಾರವಾರದ ದಾರಿ. ಮಡಗಾಂವಿನಿಂದ ಕಾರವಾರಕ್ಕೆ ಸುಮಾರು 70 ಕಿಲೋಮೀಟರ್. ಇದರಲ್ಲಿ ಬೇಸರ ತರುವುದು ಬಾಳ್ಳಿಯ ನಂತರದ ಕರಮಲ ಘಾಟಿ ಒಂದೇ. ತಿರುವು ಜಾಸ್ತಿ, ಓವರ್‌ಟೇಕ್ ಹುಚ್ಚು ಬೇಡ. ಅದನ್ನು ಇಳಿದರೆ ಕಾಣಕೋಣ ಬೈಪಾಸ್. 2019ರಲ್ಲಿ ತೆರೆದದ್ದು. ತಳಪಣ, ಗಾಲಜಿಬಾಗ ನದಿಗಳ ಮೇಲಿನ ಸೇತುವೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತೀರಿ. ಪೋಳೆಂನಲ್ಲಿ ಗೋವಾ ಮುಗಿಯಿತು, ಮಾಜಾಳಿಯಲ್ಲಿ ಕನ್ನಡ ಬೋರ್ಡು ಕಂಡಿತು. ಸದಾಶಿವಗಡದ ಗುಡ್ಡ ದಾಟಿದರೆ ಕಾಳಿ ಸೇತುವೆ. ಬಲಕ್ಕೆ ಸಮುದ್ರ, ಎಡಕ್ಕೆ ನದಿ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಬಿದ್ದುಹೋಯಿತಲ್ಲ, ಅದರ ಪಕ್ಕದ ಹೊಸದರ ಮೇಲೆ ಈಗ ಓಡಾಟ. ಅದೇ ವರ್ಷದ ಶಿರೂರು ಗುಡ್ಡದ ಕುಸಿತ ನೆನೆದು ನಿಮ್ಮ ಮನೆಯವರು ಹೆದರುತ್ತಾರೆ ಅಂತ ಬರೆದಿದ್ದೀರಿ. ಅದು ಅಂಕೋಲಾದಿಂದ ಕುಮಟಾ ಕಡೆಗೆ ಹೋಗುವಾಗ ಸಿಗುವ ಜಾಗ. ನೀವು ಅದಕ್ಕೂ ಮೊದಲೇ ಎಡಕ್ಕೆ, ಹುಬ್ಬಳ್ಳಿ ರಸ್ತೆಗೆ ತಿರುಗುತ್ತೀರಿ.

ಹಾಗಂತ ಘಾಟಿ ತಪ್ಪುವುದಿಲ್ಲ. ಕರಾವಳಿಯಿಂದ ಮೇಲಿನ ಊರಿಗೆ ಎಲ್ಲಾದರೂ ಒಂದು ಕಡೆ ಹತ್ತಲೇಬೇಕು. ಇಲ್ಲಿ ಅದು ಅರಬೈಲು. 2021ರ ಜುಲೈ ಮಳೆಯಲ್ಲಿ ಗುಡ್ಡ ಕುಸಿದು ಕಳಚೆ ಊರಿಗೆ ಏನಾಯಿತು ಅಂತ ಯಲ್ಲಾಪುರದವರಿಗೆ ನಾನು ಹೇಳಬೇಕಾ? ಆದರೆ ಅರಬೈಲಿನಲ್ಲಿ ಸಿಕ್ಕಿಬಿದ್ದರೆ ಮನೆಯಿಂದ ಯಾರಾದರೂ ಬೈಕ್ ಹತ್ತಿ ಬರುತ್ತಾರೆ. ಅನಮೋಡದಲ್ಲಿ ಯಾರು ಬರುತ್ತಾರೆ?

ಗಡಿಯ ಗೇಟಿನ ಬಗ್ಗೆ ಒಂದು ಮಾತು. ಗೋವಾದಿಂದ ಹೋಗುವ ಕಾರು ಅಂದರೆ ಎಲ್ಲರಿಗೂ ಡಿಕ್ಕಿಯ ಮೇಲೆ ಅನುಮಾನ. ಒಮ್ಮೆ ಪಕ್ಕದ ಮನೆಯ ಆಂಟಿ ತೆಂಗಿನ ವಿನೆಗರ್ ಅನ್ನು ಹಳೇ ರಮ್ ಬಾಟಲಿಗೆ ತುಂಬಿ ನಮ್ಮಮ್ಮನಿಗೆ ಕಳಿಸಿದ್ದರು. ತಪಾಸಣೆಯವನು ಮುಚ್ಚಳ ತೆಗೆದು ಉದ್ದಕ್ಕೆ ಮೂಸಿದ, ಕಣ್ಣಲ್ಲಿ ನೀರು ಬಂತು. ಏನೂ ಹೇಳದೆ ಕೈಬೀಸಿ ಕಳಿಸಿದ. ನಗು ತಡೆಯುವುದೇ ಕಷ್ಟವಾಗಿತ್ತು. ನೀವು ಮಾತ್ರ ಬಾಟಲಿ ಆರಿಸುವಾಗ ನೋಡಿಕೊಳ್ಳಿ.

ಅಂದರೆ ನನ್ನ ಲೆಕ್ಕ ಇಷ್ಟು: ಸಾಮಾನು, ಮಗು, ಮಳೆ, ರಾತ್ರಿ, ಈ ನಾಲ್ಕರಲ್ಲಿ ಯಾವುದು ಜೊತೆಗಿದ್ದರೂ ಕಾರವಾರ. ನೀವು ಜೂನ್‌ನಲ್ಲಿ ಬರುವಾಗ ನಾಲ್ಕೂ ಇರಬಹುದು. ದೀಪಾವಳಿಗೆ ಬೆಳಿಗ್ಗೆ ಆರಕ್ಕೆ ಹೊರಟು ಅನಮೋಡ ಹತ್ತಿ. ಆಗ ಬಿಸಿಲು ಮರದ ಸಂದಿಯಿಂದ ಓರೆಯಾಗಿ ಬೀಳುತ್ತಿರುತ್ತದೆ, ಮಗಳಿಗೆ ಮಂಗ ತೋರಿಸಬಹುದು.

ಬದುಕಿನ ಬಗ್ಗೆ ಹೆಚ್ಚು ಹೆದರಬೇಡಿ. ಬೆಳಿಗ್ಗೆ ಪೊದೇರ್, ಅಂದರೆ ಪಾವ್ ಮಾರುವವನು, ಸೈಕಲ್ ಹಾರ್ನ್ ಒತ್ತಿಕೊಂಡು ಬಿಸಿ ಪಾವ್ ತರುತ್ತಾನೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅರ್ಧ ಅಂಗಡಿ ಮುಚ್ಚಿರುತ್ತವೆ. ಕೆಎ ನಂಬರಿನ ಕಾರು ಹನ್ನೆರಡು ತಿಂಗಳು ಮೀರಿದರೆ ಇಲ್ಲಿಯ ನಂಬರ್ ಮಾಡಿಸಲೇಬೇಕು, ಮರೆಯಬೇಡಿ. ಕಾರವಾರದ ಕೊಂಕಣಿ ಕಿವಿಗೆ ಬಿದ್ದಿದ್ದರೆ ಮಾತು ಮೂರು ತಿಂಗಳಲ್ಲಿ ಬರುತ್ತದೆ. 'ಪರದೇಶಕ್ಕೆ ಹೋದ ಹಾಗೆ' ಎಂದು ನಿಮ್ಮ ಅಜ್ಜಿ ಅಂದದ್ದು ಪೂರ್ತಿ ತಪ್ಪೇನಲ್ಲ. 1961ರ ಡಿಸೆಂಬರ್‌ವರೆಗೆ ಇದು ಪೋರ್ಚುಗೀಸರದ್ದೇ ಆಗಿತ್ತು, ಕ್ಯಾಸಲ್‌ರಾಕ್‌ನಲ್ಲಿ ಗಂಟುಮೂಟೆ ಬಿಚ್ಚಿ ತೋರಿಸಬೇಕಿತ್ತು.

ಒಂದು ಪದ ಮಾತ್ರ ಮೊದಲೇ ಕೇಳಿಸಿಕೊಂಡಿರಿ: 'ಘಾಟಿ'. ಘಟ್ಟದ ಮೇಲಿನಿಂದ ಬಂದವನು ಅಂತ. ಮೀನು ಮಾರ್ಕೆಟ್ಟಿನಲ್ಲೋ ಪಾರ್ಕಿಂಗ್ ಜಗಳದಲ್ಲೋ ಯಾರಾದರೂ ಅಂದೇ ಅನ್ನುತ್ತಾರೆ, ಪ್ರೀತಿಯಿಂದಂತೂ ಅಲ್ಲ. ನನಗೆ ಮೊದಲ ಸಲ ಊಟ ಸೇರಿರಲಿಲ್ಲ. ಈಗ ನಾನೇ, 'ಹೌದು, ಬೇಕಾದರೆ ಘಟ್ಟದ ಮೇಲಿನಿಂದಲೇ ಬರುವ ಬೆಳಗಾವಿಯ ಬೆಂಡೆಕಾಯಿಯನ್ನೂ ವಾಪಸು ಕಳಿಸಿ' ಅನ್ನುತ್ತೇನೆ. ಹೆಚ್ಚಿನವರು ನಗುತ್ತಾರೆ. ಕೆಲವರು ನಗುವುದಿಲ್ಲ.

ಬರುವಾಗ ಅಪ್ಪೆಮಿಡಿ ತರುತ್ತೇನೆ ಅಂದಿದ್ದೀರಿ, ಬೇಡ ಅನ್ನುವುದಿಲ್ಲ. ಜಾಡಿಯನ್ನು ಡಿಕ್ಕಿಯಲ್ಲಿ ಇಡಬೇಡಿ, ಮುಂದಿನ ಸೀಟಿನ ಕಾಲಡಿ ಬಟ್ಟೆ ಸುತ್ತಿ ಒತ್ತರಿಸಿಡಿ. ಕರಮಲದ ಮೂರನೇ ತಿರುವಿಗೆ ನಮ್ಮದು ಚೆಲ್ಲಿತ್ತು, ಆ ವಾಸನೆ ಕಾರು ಮಾರುವವರೆಗೂ ಹೋಗಲಿಲ್ಲ.