ಒಂಬತ್ತಕ್ಕೂ ಹತ್ತಕ್ಕೂ ಇಷ್ಟೊಂದು ಅಂತರ ನ್ಯಾಯವೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಫ್ಲೀರ್ ಕಂಪನಿ 1986ರಲ್ಲಿ ತಂದ, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಚಿತ್ರವಿರುವ ಕಾರ್ಡ್ ಕೊಳ್ಳಬೇಕೆಂಬುದು ಬಹುಕಾಲದ ಆಸೆ. ಕಾರ್ಡ್‌ನ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ (ಗ್ರೇಡ್) ಕೊಡುವ ಪಿಎಸ್‌ಎ ಎಂಬ ಕಂಪನಿಯಿಂದ 10 ಪಡೆದಿರುವುದಕ್ಕೆ ಒಂದು ಮನೆಯ ದುಡ್ಡು ಕೇಳುತ್ತಾರೆ. 8ರದ್ದು ಅದರ ಮುಂದೆ ಏನೂ ಅಲ್ಲ. ಸಾಲ ಮಾಡಿಯಾದರೂ 10 ಕೊಳ್ಳಲೇ?

ಉತ್ತರ: ಸಾಲ ಮಾತ್ರ ಬೇಡಿ. 10ರ ಬೆಲೆ ನನಗೆ ನ್ಯಾಯ ಅನ್ನಿಸುವುದಿಲ್ಲ.

2021ರ ಶುರುವಿನಲ್ಲಿ ಇದೇ ಕಾರ್ಡ್, ಇದೇ ಗ್ರೇಡ್, 7,38,000 ಡಾಲರ್‌ಗೆ ಹರಾಜಾಯಿತು. ಕೆಲವೇ ತಿಂಗಳಲ್ಲಿ ಬೆಲೆ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಕಾರ್ಡ್ ಏನೂ ಬದಲಾಗಿರಲಿಲ್ಲ. ಕೋವಿಡ್ ಕಾಲದಲ್ಲಿ ಮುಗಿಬಿದ್ದ ಜನ ಹಿಂದೆ ಸರಿದರು, ಅಷ್ಟೇ.

9 ಮತ್ತು 10ನ್ನು ಪಕ್ಕಪಕ್ಕ ಇಟ್ಟು ನೋಡಿ. 9ರಲ್ಲಿ ಚಿತ್ರ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರಬಹುದು, ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇರಬಹುದು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಅಂಥದ್ದಕ್ಕೆ ಎಷ್ಟೋ ಪಟ್ಟು ಬೆಲೆ! ಗ್ರೇಡ್ ಕೊಡುವವರೂ ಮನುಷ್ಯರೇ ಅಲ್ವಾ? ಗ್ರೇಡ್ ಹಾಕಿ ಮುಚ್ಚಿ ಕೊಟ್ಟ ಪ್ಲಾಸ್ಟಿಕ್ ಡಬ್ಬಿ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸಿದರೆ ಬೇರೆ ಅಂಕ ಬರುವುದುಂಟು. ಜೊತೆಗೆ, ಈ ಜೋರ್ಡನ್ ಕಾರ್ಡ್ 10ರಲ್ಲೇ ಮುನ್ನೂರಕ್ಕಿಂತ ಜಾಸ್ತಿ ಇವೆ. ಅದನ್ನು ಅಪರೂಪ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲ ಹಳೆಯ ಕಾರ್ಡ್‌ಗಳ ಕಥೆ ಹೀಗಲ್ಲ. ಟಾಪ್ಸ್ ಕಂಪನಿ 1952ರಲ್ಲಿ ತಂದ, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡ್ ನೋಡಿ. ಇದೂ ಸೇರಿ ಆ ವರ್ಷದ ಕೊನೆಯ ಕಂತಿನ ಕಾರ್ಡ್‌ಗಳು ಬೇಸ್‌ಬಾಲ್ ಸೀಸನ್ ಮುಗಿಯುತ್ತಾ ಬಂದಾಗ ಅಂಗಡಿಗೆ ಬಂದವು, ಸರಿಯಾಗಿ ಖರ್ಚಾಗಲಿಲ್ಲ. ಉಳಿದದ್ದನ್ನು ಕಂಪನಿಯವರು 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು ಎನ್ನುತ್ತಾರೆ. ಮಕ್ಕಳು ಜೇಬಿನಲ್ಲಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ಸವೆಸಿದ ಮೇಲೆ ಹೊಸದರಂತೆ ಉಳಿದದ್ದು ಬೆರಳೆಣಿಕೆಯಷ್ಟು. 1991ರಲ್ಲಿ 50,000 ಡಾಲರ್‌ಗೆ ಕೈಬದಲಾದ ಒಂದು ಮ್ಯಾಂಟಲ್ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರ್ ತಂದಿತು. ಆ ಬೆಲೆಯನ್ನು ನಾನು ಒಪ್ಪುತ್ತೇನೆ. ಅಂಥದ್ದು ಬೇಕೆಂದರೂ ಇನ್ನೊಂದು ಸಿಗುವುದಿಲ್ಲ.

ನಿಮಗೆ ನಾನು ಹೇಳುವುದು ಚೆಂದದ 8. ಎಲ್ಲ 8ಗಳೂ ಒಂದೇ ಅಲ್ಲ, ಅಂಕ ನೋಡಿ ಆರಿಸಬೇಡಿ, ಕಾರ್ಡ್ ನೋಡಿ. ಚಿತ್ರದ ಎಡಕ್ಕೂ ಬಲಕ್ಕೂ ಅಂಚು ಸಮನಾಗಿದೆಯೇ? ಕೆಂಪು, ನೀಲಿ ಅಂಚಿನ ಬಣ್ಣ ಎದ್ದು ಬಿಳಿ ಕಾಗದ ಇಣುಕುತ್ತಿದೆಯೇ? ದೀಪದ ಕೆಳಗೆ ಓರೆ ಮಾಡಿ ಹಿಡಿದರೆ ಗೀರು ಕಾಣುತ್ತದೆಯೇ? ಈ ಕಾರ್ಡಿಗೆ ನಕಲಿ ಕಾಟ ವಿಪರೀತ. ಹಾಗಾಗಿ ಗ್ರೇಡ್ ಆಗದ ಬಿಡಿ ಕಾರ್ಡ್ ಮುಟ್ಟಲೇಬೇಡಿ. ಡಬ್ಬಿ ಮೇಲಿನ ನಂಬರನ್ನು ಪಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಿ. ಎಲ್ಲ ಸರಿಯಿದ್ದು, ಕೊಟ್ಟ ದುಡ್ಡು ನಾಳೆ ಅರ್ಧವಾದರೂ ಮನೆ ಖರ್ಚಿಗೆ ತೊಂದರೆಯಿಲ್ಲ ಎನ್ನುವಂತಿದ್ದರೆ, ಧೈರ್ಯವಾಗಿ ತೆಗೆದುಕೊಳ್ಳಿ.