ಸಲಾಡ್ ಬರ್ನೆಟ್ ಬೆಳೆಸುವುದು, ಬಳಸುವುದು ಹೇಗೆ?

ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಎಲೆ ಕೊಡುವ, ಚಳಿಗೂ ಜಗ್ಗದ ಸಲಾಡ್ ಸೊಪ್ಪು ಯಾವುದು ಅಂತ ಕೇಳಿದ್ದೀರಿ. ನನ್ನ ಆಯ್ಕೆ ಸಲಾಡ್ ಬರ್ನೆಟ್. ಇದು ಗುಲಾಬಿ ಕುಟುಂಬದ ಗಿಡ. ಆದರೆ ಎಳೆ ಎಲೆಯನ್ನು ಬೆರಳಲ್ಲಿ ಹಿಸುಕಿ ನೋಡಿ, ಥೇಟ್ ಸೌತೆಕಾಯಿ ವಾಸನೆ! ಹಿಮ ಬೀಳುವ ಕಡೆಯಲ್ಲೂ ಬದುಕುತ್ತದೆ. ಚಳಿ ತೀರಾ ಜಾಸ್ತಿ ಇಲ್ಲದಿದ್ದರೆ ವರ್ಷವಿಡೀ ಹಸಿರಾಗಿರುತ್ತದೆ.

ಇದರ ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಒಣಹವೆಯನ್ನು ಚೆನ್ನಾಗಿ ತಡೆಯುತ್ತದೆ. ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಮಾತ್ರ ಸೊರಗುತ್ತದೆ. ಅದಕ್ಕೇ ಬೀಜವನ್ನು ಗಿಡ ಇರಬೇಕಾದ ಜಾಗದಲ್ಲೇ, ಸುಮಾರು 1 ಸೆಂ.ಮೀ. ಆಳಕ್ಕೆ ಬಿತ್ತಿ. ಮೊಳೆತ ಮೇಲೆ 30 ಸೆಂ.ಮೀ.ಗೊಂದು ಗಿಡ ಉಳಿಸಿ. ಕುಂಡವಾದರೆ ಆಳದ್ದೇ ಬೇಕು. ಬಿಸಿಲಿರಲಿ, ನೀರು ನಿಲ್ಲದಿರಲಿ. ಸುಣ್ಣದ ಅಂಶವಿರುವ ಬಡ ಮಣ್ಣೂ ಇದಕ್ಕೆ ಒಗ್ಗುತ್ತದೆ, ಸುಮ್ನೆ ಗೊಬ್ಬರ ಸುರಿಯಬೇಡಿ.

ಹೂಕಡ್ಡಿ ಎದ್ದ ಕೂಡಲೇ ಕತ್ತರಿಸಿ. ಆಗ ಹೊಸ ಎಳೆ ಎಲೆ ಬರುತ್ತಲೇ ಇರುತ್ತದೆ. ಒಂದೆರಡು ಕಡ್ಡಿ ಬಿಟ್ಟರೆ ಬೀಜ ಉದುರಿ ತಾನೇ ಮರಿಗಿಡ ಹುಟ್ಟುತ್ತವೆ, ಒಳ್ಳೆಯದೇ ಅಲ್ವಾ?

ಬಲಿತ ಎಲೆ ಒರಟು, ಸ್ವಲ್ಪ ಕಹಿ. ಗಿಡದ ನಡುವಿನ ಎಳೆಯದನ್ನೇ ಕೊಯ್ಯಿರಿ. ದಂಟು ಬಿಟ್ಟು ಎಲೆ ಮಾತ್ರ ಬಿಡಿಸಿ ಸಲಾಡ್, ಮೊಸರು, ಬೆಣ್ಣೆ, ತಣ್ಣನೆಯ ಪಾನೀಯಕ್ಕೆ ಹಾಕಿ. ಬೇಯಿಸಬೇಡಿ, ಒಣಗಿಸಲೂ ಬೇಡಿ. ಎರಡರಲ್ಲೂ ಆ ತಾಜಾ ಪರಿಮಳ ಹೋಗಿಬಿಡುತ್ತದೆ. ಎಲೆ ಜಾಸ್ತಿ ಸಿಕ್ಕಿದರೆ ವಿನೆಗರ್‌ನಲ್ಲಿ ಒಂದೆರಡು ವಾರ ನೆನೆಹಾಕಿ ಸೋಸಿಡಿ. ಸೌತೆಕಾಯಿಯ ಘಮ ಅದಕ್ಕೆ ಇಳಿದಿರುತ್ತದೆ.